ಎರಡು ಬಾಟಲಿ ಬಾವಿ ನೀರು

ಮದನ್ ಆ ವರದಿಯನ್ನು ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿ, ಪ್ಲಾಸ್ಟಿಕ್ ಹೊದಿಸಿ, ತನ್ನ ಬೀಜದ ಫಾರಮ್ಮಿನ ಗೇಟಿಗೆ ತಂತಿ ಬಿಗಿದು ನೇತುಹಾಕಿಸಿದ್ದ. ಹೊಂಗೆಹುಂಡಿಯ ಕೇರಿಗೆ ಬರುವವರಾಗಲಿ, ಅಲ್ಲಿಂದ ಟಿ. ನರಸೀಪುರದ ಕಡೆ ಹೊರಟವರಾಗಲಿ, ಆ ಗೇಟಿನ ಮುಂದೆಯೇ ಹಾಯಬೇಕು. ಓದು ಬರುವವರು ಓದಿದರು. ಬಾರದವರಿಗೆ ಗೇಟು ಕಾಯುವವನು ಓದಿ ಹೇಳಿದ. ಬೇಡವೆಂದವರನ್ನೂ ಕರೆದು ಹೇಳಿದ. ಕೇರಿ ಬಾವಿಯ ನೀರು, ಜುಲೈ 2007, ಅಟ್ರಜಿನ್ ಎಂಬ ಕಳೆನಾಶಕ: ಪತ್ತೆಯಾಗಿಲ್ಲ.

ವಾರಕ್ಕೊಮ್ಮೆ ಬರುವಂತೆ ಶನಿವಾರ ಮಧ್ಯಾಹ್ನ ನಂಜನಗೂಡಿನಿಂದ ಸುತ್ತೂರಿನ ಮೇಲೆ ಬರುವ ಬಸ್ಸಿಳಿದು ಮನೆಗೆ ನಡೆಯುತ್ತಿದ್ದ ಕೋಮಲ ಅದರ ಮುಂದೆ ನಿಂತಳು. ವರದಿಯ ಮೂಲೆಯಲ್ಲಿದ್ದದ್ದು ಅವಳು ಐದು ವರ್ಷದಿಂದ ದುಡಿಯುತ್ತಿದ್ದ ಲ್ಯಾಬಿನ ಮೊಹರು. ಅಷ್ಟರಲ್ಲಿ ಒಳಗಿನಿಂದ ಬಂದ ಜೀಪು ಅವಳ ಪಕ್ಕದಲ್ಲೇ ನಿಂತಿತು.

“ಏನ್ ಮೇಡಮ್, ನಿಮ್ ಲ್ಯಾಬಿನೋರೇ ಸರ್ಟಿಫಿಕೇಟ್ ಕೊಟ್ಟವ್ರೆ,” ಎಂದ ಮದನ್. “ನಿಮ್ ಕೇರಿ ನೀರು ಪೇಟೆ ನೀರಿದ್ದಂಗಿದೆಯಂತೆ. ನಾನೂ ಒಂದ್ ಕ್ಯಾನ್ ತುಂಬಿಸ್ಕೊಂಡು ಹೋಗೋಣ ಅಂತಿದ್ದೀನಿ.”

“ತುಂಬಿಸ್ಕೊಳ್ಳಿ,” ಎಂದಳು ಕೋಮಲ. “ಆದ್ರೆ ಕಾಲು ತೊಳ್ಯೋಕಲ್ಲ. ಮನೇಲಿ ಮಕ್ಕಳಿಗೆ ಕುಡಿಸ್ಬೇಕು.”

ಮದನ್ ನಕ್ಕ. ಆದರೆ ಸ್ವಲ್ಪ ತಡವಾಗಿ ನಕ್ಕ. ಆ ತಡವನ್ನು ಕೋಮಲ ಮನೆಯವರೆಗೂ ಜೋಪಾನವಾಗಿ ಹೊತ್ತುಕೊಂಡು ಹೋದಳು.

ಫಾರಂ ಇದ್ದದ್ದು ಕೇರಿಯ ಮೇಲಿನ ಇಳಿಜಾರಿನಲ್ಲಿ. ನಲವತ್ತು ಎಕರೆ, ವರ್ಷಕ್ಕೆ ಮೂರು ಸಲ ಮುಸುಕಿನ ಜೋಳದ ಬೀಜ. ಮೊದಲೆಲ್ಲ ಅದರ ಕಳೆ ಕೀಳುತ್ತಿದ್ದವರು ಕೇರಿಯ ಮೂವತ್ತು ಹೆಂಗಸರು. ಸಾಲಿನ ಮುಂದೆ ಅವಳ ಅವ್ವ ಮರಿತಾಯಮ್ಮ. ಕೈಯಲ್ಲಿ ಕಳೆ ಕೀಳುವ ಕುರ್ಜಿಗೆ, ಬಾಯಲ್ಲಿ ಊರಿನ ಸಮಾಚಾರ. ನಾಲ್ಕು ವರ್ಷದ ಹಿಂದೆ ಬಿಳೀ ಪುಡಿಯ ಪೊಟ್ಟಣ ಬಂತು. ಮೂವತ್ತು ಹೆಂಗಸರ ಒಂದು ವಾರದ ಕೆಲಸವನ್ನು ಬೆನ್ನಿಗೆ ಟ್ಯಾಂಕು ಕಟ್ಟಿಕೊಂಡ ಇಬ್ಬರು ಗಂಡಸರು ಅರ್ಧ ದಿನದಲ್ಲಿ ಮುಗಿಸಿದರು. ಕೆಲಸ ಹೋಯಿತು, ಸರಿ. ಮಳೆ ಬಂದಾಗ ಆ ಪುಡಿಯೂ ಇಳಿಜಾರು ಹಿಡಿದು ಕೆಳಗೆ ಬಂತು. ಬಾವಿ ನೀರು ಹನಿಸಿದ ದಂಟಿನ ಸೊಪ್ಪಿನ ಮಡಿಯಲ್ಲಿ ಎಲೆಯ ನರ ಮಾತ್ರ ಹಸುರಾಗಿ ಉಳಿದು, ನಡುವೆಲ್ಲ ಹಳದಿ ತಿರುಗಿ, ಅಂಚು ಬೆಂಕಿ ತಾಗಿದಂತೆ ಸುರುಟತೊಡಗಿತು. ಕೋಮಲ ಆ ಎಲೆ ನೋಡಿದ ದಿನವೇ ವಿಷದ ಹೆಸರು ಹೇಳಿದ್ದಳು. ಅವ್ವನೂ ಸೇರಿ ಕೇರಿಯ ಹೆಂಗಸರಿಂದ ಹೆಬ್ಬೆಟ್ಟು ಒತ್ತಿಸಿ ಅರ್ಜಿ ಬರೆದವಳೂ ಅವಳೇ. ಬಾವಿಯಲ್ಲಿ ವಿಷ ಮಿತಿ ಮೀರಿದೆಯೆಂದು ಸಾಬೀತಾದರೆ ಫಾರಂ ಆ ಪುಡಿಯನ್ನು ನಿಲ್ಲಿಸಬೇಕು, ಕಳೆ ಕೀಳಲು ಮತ್ತೆ ಕೈಗಳೇ ಬೇಕು, ಬಾವಿ ಉಳಿಯಬೇಕು. ಇಷ್ಟೇ ಅವಳ ಲೆಕ್ಕ.

ಆ ಬಾವಿಯೂ ಅಂತಿಂಥ ಬಾವಿಯಲ್ಲ. ಮೇಲಿನ ಬೀದಿಯ ಬಾವಿಗೆ ಕೇರಿಯವರ ಹಗ್ಗ ಇಳಿಯಬಾರದೆಂದಿದ್ದ ಕಾಲದಲ್ಲಿ ಅವಳ ಅಪ್ಪ ಚಿಕ್ಕಮಾದು ಎಂಟು ಜನರನ್ನು ಕಟ್ಟಿಕೊಂಡು ಬಂಡೆ ಒಡೆದು ತೋಡಿದ್ದು. ಅಪ್ಪ ಈಗಿಲ್ಲ. ತೊಂಬತ್ನಾಲ್ಕರಲ್ಲಿ ವಾಂತಿಭೇದಿ ಬಂದಾಗ ಯಾರೋ ಬಂದು ಬ್ಲೀಚಿಂಗ್ ಪುಡಿ ಸುರಿದು, ಬಾವಿಯ ಕಟ್ಟೆಗೆ ಕೆಂಪು ಬಣ್ಣದಲ್ಲಿ ದೊಡ್ಡ ತಪ್ಪು ಗುರುತು ಎಳೆದು ಹೋದರು. ಬ್ಲೀಚಿಂಗ್ ವಾಸನೆ ವಾರಕ್ಕೆ ಹೋಯಿತು, ಕೆಂಪು ಹೋಗಲಿಲ್ಲ. ಅದೇ ತಿಂಗಳು ಅಕ್ಕ ಇಂದ್ರಾಣಿಯನ್ನು ನೋಡಲು ಬಂದ ಗಂಡಿನ ಕಡೆಯವರು ಗುರುತು ನೋಡಿ, ಕೊಟ್ಟ ಕಾಫಿ ಮುಟ್ಟದೆ ಎದ್ದು ಹೋದರು. ಅವ್ವ ಆಮೇಲೆ ಒಂದು ತಿಂಗಳು ತೆಂಗಿನ ನಾರು, ಮರಳು ಹಿಡಿದು ಕಟ್ಟೆ ಉಜ್ಜಿದಳು. ಹೈಸ್ಕೂಲಿನಲ್ಲಿದ್ದ ಕೋಮಲ ಪಕ್ಕದಲ್ಲಿ ಕೂತು ಮರಳು ಹಾಕಿಕೊಟ್ಟಿದ್ದಳು. ಮನೆ ಗೋಡೆಯ ಮೇಲೆ ಬುದ್ಧನ ಪಟದ ಪಕ್ಕ ಮಾದಪ್ಪನ ಪಟವಿತ್ತು; ಅವ್ವ ಆ ತಿಂಗಳು ಇಬ್ಬರಿಗೂ ದೀಪ ಹಚ್ಚಲಿಲ್ಲ.

ಕೋಮಲ ಮನೆಯೊಳಗೆ ಬಂದು ಚೀಲ ಇಳಿಸುತ್ತಲೇ ಅವ್ವ ಹಿತ್ತಾಳೆ ಬಿಂದಿಗೆಯಿಂದ ಒಂದು ಲೋಟ ನೀರು ಬಗ್ಗಿಸಿ ಕೊಟ್ಟಳು.

“ಗೇಟ್ನಾಗೆ ಕಟ್ಟವ್ನೆ ನೋಡ್ದಾ? ನಮ್ ಬಾವಿ ಪಾಸಾಯ್ತಂತೆ ಕಣೆ.”

“ಪಾಸಾಗ್ಬಾರ್ದಿತ್ತು ಕಣವ್ವ,” ಎಂದಳು ಕೋಮಲ.

“ಅದ್ಯಾಕೆ? ಮದನಪ್ಪನ್ ಔಸ್ದೀಗೆ ಸಿಕ್ಸೆ ಆಗ್ಲಿ. ನಿಮ್ಮಪ್ಪನ್ ಬಾವಿ ಏನ್ ಮಾಡ್ತು ಅದ್ಕೆ?”

ಇಂಥ ಮಾತಿಗೆ ಉತ್ತರ ಹೇಳಲು ಹೊರಟರೆ ಸಂಜೆಯಾಗುತ್ತದೆ. ಕೋಮಲ ನೀರು ಕುಡಿದು ಲೋಟ ಬೋರಲು ಹಾಕಿದಳು.

ಲ್ಯಾಬು ಇದ್ದದ್ದು ನಂಜನಗೂಡಿನ ಹೊರವಲಯದ ಕಾರ್ಖಾನೆಗಳ ನಡುವೆ. ಅಲ್ಲಿ ಒಂದು ತಂಪು ಕೋಣೆಯಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರವಿತ್ತು. ಸ್ಯಾಂಪಲ್ ತರುವ ಮಾದೇಶ್ ಅದನ್ನು ‘ದೊಡ್ಡ ತಕ್ಕಡಿ’ ಎನ್ನುತ್ತಿದ್ದ, ಮಾತು ಸುಳ್ಳಲ್ಲ. ನೀರಿನಲ್ಲಿರುವುದನ್ನೆಲ್ಲ ಅದು ಬಿಡಿಬಿಡಿ ಮಾಡಿ ತೂಗುತ್ತದೆ. ತೂಗಿದ್ದನ್ನು ಒಡೆದು, ಒಡೆದ ಚೂರನ್ನೂ ತೂಗುತ್ತದೆ. ಅಟ್ರಜಿನ್ನಿನ ತೂಕ ಇನ್ನೂರ ಹದಿನಾರು. ಒಡೆದರೆ ನೂರ ಎಪ್ಪತ್ನಾಲ್ಕರ ಚೂರು ಸಿಗುತ್ತದೆ. ಈ ಎರಡು ಸಂಖ್ಯೆ ಜೊತೆಯಾಗಿ ಬಂದರೆ ಪರದೆಯ ಮೇಲೆ ಗುಡ್ಡ ಏಳುತ್ತದೆ. ಗುಡ್ಡ ಎಷ್ಟು ದೊಡ್ಡದೋ ವಿಷ ಅಷ್ಟು. ಒಂದು ಕೆರೆಗೆ ಒಂದು ಚಿಟಿಕೆ ಬಿದ್ದಿದ್ದರೂ ಅದು ಹಿಡಿದು ತೋರಿಸಬಲ್ಲದು. ಕೋಮಲಳಿಗೆ ಆ ಯಂತ್ರದ ಮೇಲೆ ಮನುಷ್ಯರ ಮೇಲಿಲ್ಲದ ನಂಬಿಕೆ. “ಅದಕ್ಕೆ ಊರೂ ಗೊತ್ತಿಲ್ಲ, ಕೇರೀನೂ ಗೊತ್ತಿಲ್ಲ,” ಎಂದು ಮ್ಯಾನೇಜರ್ ಬಸವಯ್ಯ ಹೊಸಬರಿಗೆಲ್ಲ ಹೇಳುತ್ತಿದ್ದರು. ಹಣೆಯ ತುಂಬ ವಿಭೂತಿ ಧರಿಸುವ, ಧ್ವನಿ ಏರಿಸದ ಮನುಷ್ಯ.

ಜುಲೈ ಸ್ಯಾಂಪಲ್ಲಿನ ಗೆರೆಯನ್ನು ಕೋಮಲ ಕಣ್ಣಾರೆ ನೋಡಿದ್ದಳು. ಗುಡ್ಡವಿರಲಿ, ಇರುವೆ ಗೂಡಿನಷ್ಟೂ ಎದ್ದಿರಲಿಲ್ಲ. ಯಂತ್ರ ಸುಳ್ಳು ಹೇಳುವುದಿಲ್ಲ. ಹಾಗಾದರೆ ಸುಳ್ಳು ಹೇಳಿದ್ದು ಬೇರೆ ಯಾರೋ. ಅವಳು ಕೂತು ಯೋಚಿಸಿದಳು. ಸ್ಯಾಂಪಲ್ ತೆಗೆಯುವ ದಿನ ಮದನ್‌ಗೆ ಮುಂಚೆಯೇ ತಿಳಿದಿರಬೇಕು. ಪುಡಿ ಹೊಡೆಯುವುದನ್ನು ಹದಿನೈದು ದಿನ ನಿಲ್ಲಿಸಿರಬೇಕು, ಮಳೆಗೆ ಬಾವಿ ತುಂಬಿ ಹೊಸ ನೀರು ಬಂದಿರಬೇಕು. ತಾನೇ ಒಂದು ಬಾಟಲಿ ಬಾವಿ ನೀರು ತಂದು ಯಂತ್ರಕ್ಕೆ ಹಾಕಿಬಿಡಲೇ ಎಂದು ಒಮ್ಮೆ ಅನಿಸಿತ್ತು. ಆದರೆ ಯಂತ್ರದೊಳಗೆ ಹೋಗುವ ಪ್ರತಿ ಹನಿಗೂ ಅದು ತಾನೇ ಹೊತ್ತು, ನಂಬರು ಬರೆದಿಡುತ್ತದೆ. ಕೇಳಿದರೆ ಏನು ಹೇಳುವುದು? ಮೊಹರಿಲ್ಲದ, ಅರ್ಜಿದಾರಳ ಮಗಳೇ ತಂದ ನೀರಿನ ಲೆಕ್ಕವನ್ನು ಯಾವ ಅಧಿಕಾರಿ ಮುಟ್ಟುತ್ತಾನೆ? ಬೇಡ ಎಂದುಕೊಂಡಳು. ಆಟದಲ್ಲಿ ಮೊದಲು ಮೋಸ ಮಾಡಿದವನು ಮದನ್. ಇನ್ನು ಆಟ ತನ್ನದು.

ಕೇರಿಯವರು ಮತ್ತೆ ಅರ್ಜಿ ಕೊಟ್ಟರು. ವಿಚಾರಣೆಗೆ ನೇಮಕವಾದ ಅಧಿಕಾರಿ ಎರಡನೇ ಸಲ ನೀರು ತೆಗೆಯಲು ಹೇಳಿದರು. ಎರಡು ಬಾಟಲಿ: ಒಂದು ಲ್ಯಾಬಿಗೆ, ಇನ್ನೊಂದು ಮೊಹರು ಹಾಕಿ ಅಧಿಕಾರಿಯ ಕಪಾಟಿಗೆ, ತಕರಾರು ಬಂದರೆ ಹೈದರಾಬಾದಿನ ಲ್ಯಾಬಿಗೆ. ಯಾವ ಲ್ಯಾಬೆಂದು ಕೇಳಿದಾಗ ಮದನ್ ಅಲ್ಲೇ ಎದ್ದು ನಿಂತು, “ಅದೇ ಲ್ಯಾಬಿಗೆ ಹೋಗ್ಲಿ ಸಾರ್, ಅವ್ರ ಮೇಲೆ ನಮಗೆ ಪೂರ್ತಿ ನಂಬಿಕೆ,” ಎಂದನಂತೆ. ಮಾದೇಶ್ ಇದನ್ನು ಹೇಳಿದಾಗ ಕೋಮಲಳಿಗೆ ನಗು ತಡೆಯಲಾಗಲಿಲ್ಲ.

ಅವತ್ತು ಸಂಜೆಯೇ ಬಸವಯ್ಯ ಅವಳನ್ನು ಕರೆದರು.

“ಬೇಜಾರ್ ಮಾಡ್ಕೋಬೇಡ ಕಣಮ್ಮ. ಅದು ನಿಮ್ಮೂರ ಸ್ಯಾಂಪಲ್ಲು. ಅದು ಒಳಗೆ ಬಂದ ಮೇಲೆ ನೀನು ಅದರ ಹತ್ರ ಬರಬೇಡ. ಕೋಣೆಗೂ ಬರಬೇಡ. ನಾಳೆ ಯಾರೂ ಒಂದು ಮಾತು ಆಡಬಾರದು ನೋಡು.”

“ಸರಿ ಸರ್,” ಎಂದಳು. “ಬಾಟ್ಲಿ ತೊಳಿಯೋದು?”

“ಅದಕ್ಕೇನಂತೆ. ಅದು ನಿನ್ನ ಕೆಲಸಾನೇ ಅಲ್ವ?”

ಅದು ಅವಳ ಕೆಲಸವೇ. ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಮುಗಿಸಿ ಬಂದ ಮೊದಲ ದಿನ, ನಾಲ್ಕು ಜನ ಕೆಮಿಸ್ಟರಲ್ಲಿ ಬಾಟಲಿ ತೊಳೆಯುವ ಕೆಲಸ ‘ಸದ್ಯಕ್ಕೆ’ ಎಂದು ಅವಳ ಪಾಲಿಗೆ ಬಂದಿತ್ತು. ಆ ಸದ್ಯಕ್ಕೆ ಐದು ವರ್ಷವಾಗಿತ್ತು. ಇವಳಿಗೇ ಏಕೆ ಎಂದು ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಎರಡೂ ಕಡೆಯವರಿಗೆ ಗೊತ್ತಿತ್ತು. ತೊಳೆಯುವ ಕೋಣೆಗೆ ಯಾರೂ ಇಣುಕುವುದಿಲ್ಲ. ತೊಳೆದವರ ರಿಜಿಸ್ಟರು ಯಾರೂ ಓದುವುದಿಲ್ಲ. ಅಂಥ ಜಾಗದಲ್ಲಿ ಐದು ವರ್ಷ ನಿಂತವಳಿಗೆ ಅವರೇ ಬಾಗಿಲು ತೆರೆದು ಕೊಟ್ಟಂತಾಯಿತು. ಸ್ಯಾಂಪಲ್ಲು ಬಂದ ಮೇಲೆ ಮುಟ್ಟಬಾರದು ತಾನೆ? ಮುಟ್ಟುವುದಿಲ್ಲ. ಬರುವ ಮೊದಲೇ ಮುಗಿಸಿದರಾಯಿತು.

ಮೊದಲ ಪ್ರಶ್ನೆ ವಿಷವನ್ನು ಎಲ್ಲಿಂದ ತರುವುದು ಎಂಬುದು. ಲ್ಯಾಬಿನಲ್ಲಿ ಶುದ್ಧ ಅಟ್ರಜಿನ್ನಿನ ಪುಟ್ಟ ಶೀಶೆಯಿತ್ತು, ಆದರೆ ಅದರ ಹನಿ ಹನಿಗೂ ಲೆಕ್ಕ. ಅಂಗಡಿಯಲ್ಲಿ ಕೊಂಡರೆ ಅಂಗಡಿಯವನಿಗೆ ಮುಖ ನೆನಪಿರುತ್ತದೆ. ಕೋಮಲ ಭಾನುವಾರ ಬೆಳಿಗ್ಗೆ ಸೌದೆ ಆಯುವ ನೆಪದಲ್ಲಿ ಫಾರಮ್ಮಿನ ಕೆಳಗಿನ ಚರಂಡಿಗೆ ಹೋದಳು. ಅಲ್ಲಿ ಬಿಸಾಕಿದ್ದ ಪೊಟ್ಟಣಗಳಲ್ಲಿ ಒಂದರ ಮೂಲೆಯಲ್ಲಿ ಎರಡು ಚಮಚದಷ್ಟು ಪುಡಿ ಒಣಗಿಯೇ ಇತ್ತು. ನೂರಕ್ಕೆ ಐವತ್ತು ಭಾಗ ಅಟ್ರಜಿನ್ ಎಂದು ಮೇಲೆ ಅಚ್ಚಾಗಿತ್ತು. ಮದನ್ ಕೊಂಡ ವಿಷ, ಮದನ್ ಬಿಸಾಕಿದ ವಿಷ. ಅವನದನ್ನೇ ಅವನ ಹೆಸರಿಗೆ ಬರೆದರೆ ಅದು ಹೇಗೆ ಸುಳ್ಳಾದೀತು?

ಎರಡನೆಯದು, ಎಷ್ಟು ಎಂಬುದು. ದುರಾಸೆ ಬೇಡ. ವಿಚಾರಣೆಯಲ್ಲಿ ಒಪ್ಪಿದ ಮಿತಿ ಲೀಟರಿಗೆ ಎರಡು ಮೈಕ್ರೋಗ್ರಾಂ. ಐವತ್ತು ತೋರಿಸಿದರೆ ಯಾರೂ ನಂಬರು, ಎರಡೂವರೆ ತೋರಿಸಿದರೆ ವಕೀಲರು ಎಳೆದಾಡುತ್ತಾರೆ. ಆರು ಸರಿ. ಇಪ್ಪತ್ತು ಮಿಲಿಗ್ರಾಂ ಪುಡಿ ತೂಗಿ ನೂರು ಮಿಲಿಲೀಟರ್ ಅಸಿಟೋನಿನಲ್ಲಿ ಕರಗಿಸಿ, ಸೋಸಿ, ಅದರಲ್ಲಿ ಅರವತ್ತು ಮೈಕ್ರೋಲೀಟರ್ ತೆಗೆದರೆ ಆರು ಮೈಕ್ರೋಗ್ರಾಂ. ಲೀಟರು ಹಿಡಿಯುವ ಒಂದು ಬಾಟಲಿಗೆ ಅರವತ್ತು, ಇನ್ನೊಂದಕ್ಕೆ ಐವತ್ತೆಂಟು. ಎರಡೂ ಒಂದೇ ಬಂದರೆ ಅನುಮಾನ ಬರುತ್ತದೆ. ಬಾವಿಗೆ ಅಷ್ಟು ಕರಾರುವಾಕ್ಕು ತಿಳಿಯದು.

ಮೂರನೆಯದು, ಲ್ಯಾಬಿನವರು ‘ಖಾಲಿ’ ಎಂದು ಕರೆಯುವ ಬಾಟಲಿ. ಪ್ರತಿ ಪೆಟ್ಟಿಗೆಯಲ್ಲಿ ಒಂದು ಬಾಟಲಿಗೆ ಲ್ಯಾಬಿನ ಶುದ್ಧ ನೀರನ್ನೇ ತುಂಬಿ, ಮೊಹರು ಹಾಕಿ, ಊರಿಗೆ ಕಳಿಸಿ ಹಾಗೇ ವಾಪಸ್ ತರಿಸುತ್ತಾರೆ. ಅದರಲ್ಲಿ ವಿಷ ಕಂಡರೆ ಬಾಟಲಿಯೇ ಕೊಳಕು ಎಂದರ್ಥ. ಅದನ್ನು ಬಸವಯ್ಯ ತಮ್ಮ ಕೈಯಾರೆ ಬುಧವಾರ ತುಂಬಿಸುತ್ತಾರೆ. ಹಾಗಾಗಿ ಬುಧವಾರದವರೆಗೆ ಮೂರೂ ಬಾಟಲಿ ಹಸುಗೂಸಿನ ಹಾಗೆ ಶುದ್ಧವಾಗಿರಬೇಕು. ತುಂಬಿದ ಮೇಲೆ ಉಳಿದ ಎರಡರ ಸರದಿ. ಬಸವಯ್ಯನವರ ಶುದ್ಧ ಬಾಟಲಿ ತನ್ನ ಬಾಟಲಿಗಳಿಗೆ ಸಾಕ್ಷಿ ಹೇಳುತ್ತದೆ. ಇದು ಹೊಳೆದಾಗ ಕೋಮಲ ಬಸ್ಸಿನಲ್ಲಿದ್ದಳು, ಪಕ್ಕದ ಹೆಂಗಸು, “ಯಾಕವ್ವ ಒಬ್ಳೇ ನಗ್ತೀಯ?” ಎಂದು ಕೇಳಿದ್ದಳು.

ನಾಲ್ಕನೆಯದು ಬರೀ ಪುಸ್ತಕ ಓದಿದವರಿಗೆ ಹೊಳೆಯುವಂಥದ್ದಲ್ಲ. ಸ್ಯಾಂಪಲ್ ತೆಗೆಯುವುದೆಂದರೆ ಮಾದೇಶ್ ಬಾವಿಗೆ ಇಳಿಯುತ್ತಾನೆಂದೇನೂ ಅಲ್ಲ. ಅವನು ಕಾಗದಪತ್ರ ತುಂಬುತ್ತ ಟೀ ಕುಡಿಯುವವನು. ಬಾಟಲಿ ಹೆಂಗಸರ ಕೈಗೆ ಹೋಗುತ್ತದೆ, ಅದರಲ್ಲೂ ಅವ್ವನ ಕೈಗೇ. ಅವ್ವನೋ, ಯಾವ ಪಾತ್ರೆಯನ್ನಾದರೂ ಮೂರು ಸಲ ಗಲಬರಿಸದೆ ನೀರು ತುಂಬಿದವಳಲ್ಲ. ಗಲಬರಿಸಿದರೆ ಗಾಜಿಗಂಟಿದ ಆರು ಮೈಕ್ರೋಗ್ರಾಂ ಚರಂಡಿ ಪಾಲು. ಅದಕ್ಕೇ ಕೋಮಲ ಊಟಕ್ಕೆ ಕೂತಾಗ ಮಾತಿನ ನಡುವೆ ಹೇಳಿದಳು:

“ಅವ್ವ, ಶುಕ್ರವಾರ ಬಾಟ್ಲಿ ಕೊಡ್ತಾರಲ್ಲ, ಅದ್ನ ತೊಳೀಬ್ಯಾಡ. ನೀರು ಕೆಡದಂಗೆ ಒಳಗೆ ಔಷಧಿ ಹಾಕಿರ್ತೀವಿ.”

“ತೊಳೀದೆ ತುಂಬ್ಸದಾ? ನೋಡ್ದೋರು ಏನಂದಾರು?”

“ತೊಳೆದ್ರೆ ಸ್ಯಾಂಪಲ್ ಕೆಡ್ತದೆ. ನನ್ ಕೆಲಸಕ್ಕೇ ಕುತ್ತು ಬರ್ತದೆ.”

“ಹಂಗಾರೆ ಬುಡು, ತೊಳ್ಯಲ್ಲ,” ಎಂದು ಅವ್ವ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು. ಔಷಧಿಯ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಪ್ರತಿ ಬಾಟಲಿಗೂ ನೀರು ಕಾಯುವ ಒಂದು ಹರಳು ಹಾಕಿಯೇ ಕಳಿಸುವುದು.

ಬುಧವಾರ ಅವಳು ಮೂರು ಕಂದು ಬಾಟಲಿ ತೊಳೆದು ಒಣಗಿಸಿ, ರಿಜಿಸ್ಟರಿನಲ್ಲಿ ‘ತೊಳೆದವರು’ ಎಂಬಲ್ಲಿ ದುಂಡಗೆ ಸಹಿ ಹಾಕಿದಳು. ಬಸವಯ್ಯ ಒಂದಕ್ಕೆ ಶುದ್ಧ ನೀರು ತುಂಬಿ ಮೊಹರು ಒತ್ತಿದರು. ಗುರುವಾರ ಹನ್ನೊಂದಕ್ಕೆ ಎಲ್ಲರೂ ಕಾಫಿಗೆ ಎದ್ದರು. ಕೋಮಲ ಏಳಲಿಲ್ಲ; ಅವಳು ಏಳದಿದ್ದದ್ದು ಯಾರಿಗೂ ಗೊತ್ತಾಗಲಿಲ್ಲ, ಐದು ವರ್ಷದಿಂದ ಗೊತ್ತಾಗಿರಲಿಲ್ಲ. ಮೊದಲ ಬಾಟಲಿಗೆ ಅರವತ್ತು, ಎರಡನೆಯದಕ್ಕೆ ಐವತ್ತೆಂಟು. ಬಾಟಲಿಯನ್ನು ಎರಡು ಅಂಗೈ ನಡುವೆ ಹಿಡಿದು ಮಜ್ಜಿಗೆ ಕಡೆದಂತೆ ತಿರುಗಿಸಿದಳು. ಉಗುರಿನ ಬಣ್ಣ ಒರೆಸುವ ಔಷಧಿಯ ವಾಸನೆ ಒಂದು ಗಳಿಗೆ ಎದ್ದು ಹೋಯಿತು. ಬೆಳಕಿಗೆ ಹಿಡಿದು ನೋಡಿದಳು. ಒಳಗೆ ಏನೂ ಇರಲಿಲ್ಲ, ಅಥವಾ ಏನೂ ಇಲ್ಲದಂತೆ ಇತ್ತು. ನೀರು ಕಾಯುವ ಹರಳು ಹಾಕಿ, ಮುಚ್ಚಳ ಬಿಗಿದು ಪೆಟ್ಟಿಗೆಯಲ್ಲಿಟ್ಟಾಗ ಹನ್ನೊಂದೂಕಾಲು. ಹೆದರಿಕೆಯಾಗುತ್ತದೆಂದು ಕಾದಿದ್ದಳು, ಆಗಲಿಲ್ಲ. ಅಕ್ಕನನ್ನು ನೋಡಲು ಬಂದವರು ಬಿಟ್ಟುಹೋದ ಆರು ಲೋಟ ಕಾಫಿಯನ್ನು ತಾನೇ ಎತ್ತಿ ಚೆಲ್ಲಿದ್ದು ಮಾತ್ರ ನೆನಪಾಯಿತು. ಇನ್ನೂ ನಾಲ್ಕು ಬಾಟಲಿ ಕೊಟ್ಟಿದ್ದರೆ ನಾಲ್ಕಕ್ಕೂ ಹಾಕುತ್ತಿದ್ದಳು.

ಶನಿವಾರ ಮಾದೇಶ್ ಲ್ಯಾಬಿಗೆ ಬಂದು ಹಿಂದಿನ ದಿನದ್ದೆಲ್ಲವನ್ನೂ ವರದಿ ಒಪ್ಪಿಸಿದ.

“ಕೋಮಲಮ್ಮ, ನಿಮ್ಮವ್ವ ನಮ್ಮನ್ನ ಅಲುಗಾಡಕ್ಕೂ ಬುಡ್ಲಿಲ್ಲ ಕಣ್ರೀ. ಮಹಜರು ಬರ್ಯಕ್ಕೆ ಬಂದಿದ್ದ ಗುಮಾಸ್ತರು ಮೇಲಿನ್ ಬೀದಿಯೋರು, ಕೇರಿ ಒಳೀಕ್ ಬತ್ತಾರ? ರಸ್ತೆ ಹೊಂಗೆ ಮರದ ಕೆಳಗೇ ಕುರ್ಚಿ ಹಾಕಿಸ್ಕೊಂಡ್ರು. ಮದನಪ್ಪನೂ ಅಲ್ಲೇ ಕೂತ್ರು. ನಿಮ್ಮವ್ವ, ‘ಕುಂತ್ಕಳಿ ಸಾ, ನೀವ್ಯಾಕೆ ಬಿಸಿಲಲ್ಲಿ, ನಾ ತತ್ತೀನಿ’ ಅಂತ ಬಾಟ್ಲಿ ಸೆರಗಲ್ ಸುತ್ಕೊಂಡು ಹೋಯ್ತು, ತುಂಬ್ಕೊಂಡು ಬಂತು. ‘ನಮ್ಮ ಸಮಕ್ಷಮ ತೆಗೆದದ್ದು’ ಅಂತ ಎಲ್ರೂ ಸೈನ್ ಮಾಡುದ್ರು.”

“ಬಾಟ್ಲಿ ತೊಳೀಲಿಲ್ಲ ತಾನೆ?”

“ಇಲ್ಲಪ್ಪ. ನಾನು ಕೇಳ್ದೆ. ‘ಮಗ್ಳು ಹೇಳವ್ಳೆ’ ಅಂತು.”

ಕೋಮಲಳ ಎದೆ ಹಗುರಾಯಿತು. ಮಹಜರಿಗೆ ಮದನ್‌ನದೂ ಸಹಿ ಬಿದ್ದಿದೆ. ಕೇರಿಯೊಳಕ್ಕೆ ಕಾಲಿಡದ ಗುಮಾಸ್ತರ ಬಿಂಕ ಕೂಡ ತನಗೇ ಅನುಕೂಲ. ಸೋಮವಾರ ಯಂತ್ರದ ಮುಂದೆ ಕೂತವಳು ಶಿವರಂಜನಿ, ನಾಲ್ವರು ಕೆಮಿಸ್ಟರಲ್ಲಿ ಕಿರಿಯಳು. ಕೋಮಲ ದೂರದ ಮೇಜಿನಲ್ಲಿ ಅರಿಶಿನದ ಸ್ಯಾಂಪಲ್ ಅರೆಯುತ್ತ, ಕೋಣೆಯ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಳು. ಮಧ್ಯಾಹ್ನದ ಹೊತ್ತಿಗೆ ಒಳಗಿನಿಂದ ಶಿವರಂಜನಿಯ ಧ್ವನಿ ಬಂತು: “ಸರ್, ಸ್ವಲ್ಪ ಬರ್ತೀರಾ?” ಬಸವಯ್ಯ ಎರಡು ಸಲ ಮತ್ತೆ ಹಾಕಿಸಿದರು. ಇನ್ನೂರ ಹದಿನಾರು, ನೂರ ಎಪ್ಪತ್ನಾಲ್ಕು. ಗುಡ್ಡ ಮತ್ತೆ ಮತ್ತೆ ಎದ್ದಿತು. ಖಾಲಿ ಬಾಟಲಿಯಲ್ಲಿ ಏನಿಲ್ಲ. ಬಾವಿ ನೀರಿನಲ್ಲಿ ಲೀಟರಿಗೆ ಐದು ಬಿಂದು ಆರು.

ಮದನ್ ಗೇಟಿನ ವರದಿ ಇಳಿಸಿದ. ತಕರಾರು ಹಾಕಿದ. ಎರಡನೇ ಬಾಟಲಿ ಹೈದರಾಬಾದಿಗೆ ಹೋಗಿ ಐದು ಬಿಂದು ನಾಲ್ಕು ಎಂದು ಬಂತು. ಎರಡು ಊರು, ಎರಡು ಯಂತ್ರ, ಒಂದೇ ಮಾತು. ಗೇಟಿನ ಮುಂದೆ ಹಾಯುವಾಗ ಬರೀ ತಂತಿ ನೇತಾಡುತ್ತಿ‍ದ್ದುದನ್ನು ಕೋಮಲ ಪ್ರತಿ ಶನಿವಾರ ನಿಂತು ನೋಡಿ ಮುಂದೆ ಹೋಗುತ್ತಿದ್ದಳು.

ಸೆಪ್ಟೆಂಬರ್ ಕೊನೆಯಲ್ಲಿ ನರಸೀಪುರದ ಒಂದು ಸಭಾಂಗಣದಲ್ಲಿ ವಿಚಾರಣೆ ನಡೆಯಿತು. ಕೋಮಲ ರಜೆ ಹಾಕಿ ಬಂದು ಕೇರಿಯ ಹೆಂಗಸರ ನಡುವೆ ಕೂತಳು. ಮದನ್ ಕಡೆಯ ವಕೀಲರು ನೇರ ಅವಳ ಮೇಲೇ ಬಂದರು. ಅರ್ಜಿದಾರಳ ಮಗಳು ಅದೇ ಲ್ಯಾಬಿನಲ್ಲಿದ್ದಾಳೆ, ಇದಕ್ಕೇನಂತೀರಿ? ಬಸವಯ್ಯ ಎದ್ದು, ಸ್ಯಾಂಪಲ್ ಬಂದ ಗಳಿಗೆಯಿಂದ ಆಕೆ ಆ ಕೋಣೆಗೆ ಕಾಲಿಟ್ಟಿಲ್ಲ, ತಾನೇ ಜವಾಬ್ದಾರಿ, ಬೇಕಾದರೆ ಪ್ರಮಾಣ ಮಾಡುತ್ತೇನೆ ಎಂದರು. ನೀರು ತುಂಬಿದ ಮೇಲೆ ಎರಡನೇ ಬಾಟಲಿ ಲ್ಯಾಬಿನೊಳಕ್ಕೇ ಬಂದಿಲ್ಲ ಎಂದು ಅಧಿಕಾರಿ ತಾವೇ ನೆನಪಿಸಿದರು. ವಕೀಲರು ರಿಜಿಸ್ಟರುಗಳನ್ನು ತರಿಸಿಕೊಂಡು ಒಂದೊಂದೇ ಮಗುಚಿದರು. ಬಾಟಲಿ ತೊಳೆದವರ ಪುಟ ಬಂತು. ನೋಡಿದರು, ಮಗುಚಿದರು. ಕೋಮಲ ಅವರ ಬೆರಳನ್ನೇ ನೋಡುತ್ತಿದ್ದವಳು ಸೆರಗು ಸರಿಮಾಡಿಕೊಂಡಳು. ಆಗ ಮದನ್ ತಾಳ್ಮೆ ಕಳೆದುಕೊಂಡು ಎದ್ದ.

“ಸಾರ್, ಕೇರಿ ಬಾವಿ ಅಂದ್ರೆ ಗೊತ್ತಲ್ಲ. ತೊಂಬತ್ನಾಲ್ಕರಿಂದ್ಲೂ ಅದು ಗಬ್ಬುನೀರೇ. ಕೆಂಪು ಗುರುತು ಹಾಕಿದ್ರು ಅದಕ್ಕೆ. ಅವ್ರು ತುಂಬಿಕೊಟ್ಟ ಗಬ್ಬುನೀರಿಗೆ ನಾನು ಹೊಣೆನಾ?”

ಅಧಿಕಾರಿ ಅವನನ್ನು ಕೂರಿಸಿ, ಆದೇಶ ಬರೆಯಲು ಪೆನ್ನು ತೆರೆದು, ಕೊನೆಯದಾಗಿ ಮರಿತಾಯಮ್ಮನ ಕಡೆ ತಿರುಗಿ, “ಏನಮ್ಮ, ನೀರು ತುಂಬಿಕೊಟ್ಟಿದ್ದು ನೀವೇ ತಾನೆ?” ಎಂದು ಕೇಳಿದರು. ಅವ್ವ ಎದ್ದು ನಿಂತಳು. ಗಬ್ಬುನೀರು ಎಂಬ ಮಾತು ಅವಳ ಮುಖದಲ್ಲಿ ಇನ್ನೂ ಉರಿಯುತ್ತಿತ್ತು. “ನಾನೇ ಸಾ. ಗಬ್ಬುನೀರು ಕೊಡೋ ಮನ್ತನ ನಮ್ದಲ್ಲ. ಆ ಕೆಂಪು ಗೀಟಿಗೆ ನನ್ ದೊಡ್ಡಮಗಳ ಸಂಬಂದ ಮುರ್ಕೊಂಡೋಯ್ತು, ಅವತ್ತಿಂದ ಬಂದೋರ್ಗೆ ಬಾವಿ ನೀರ ಕೊಟ್ಟೋಳಲ್ಲ ನಾನು. ಮೈಲಿ ನಡ್ದು ಮೈನ್ ರೋಡ್ ಕೊಳಾಯಿಂದ ನೆಂಟ್ರಿಗೇ ಅಂತ ಹಿತ್ತಾಳೆ ಬಿಂದ್ಗೇಲಿ ತಂದಿಕ್ಕಿರ್ತೀನಿ. ನಮ್ ಕೇರೀಲಿ ಯಾವ್ ಮನೇಲಾದ್ರೂ ಕೇಳಿ. ಈ ನರಸೀಪುರದ ನೀರೇ ಸಾ ಅದು, ನಿಮ್ ಮೇಜಿನ್ ಮ್ಯಾಲೆ ಲೋಟ್ದಾಗದಲ್ಲ, ಅದೇ. ಪರೀಕ್ಸೆಗೆ ಬಂದವ್ರೆ ಅಂದ್ರೆ ನಮ್ಮಪ್ಪನಾಣೆ ಗಬ್ಬುನೀರ್ ಕೊಡ್ತೀನಾ? ಎಲ್ಡು ಸಲಾನೂ ಬಿಂದ್ಗೆದೇ ಬಗ್ಗಿಸ್ಕೊಟ್ಟಿವ್ನಿ.” ಅಧಿಕಾರಿ ಲೋಟದ ಕಡೆಗೆ ಚಾಚಿದ್ದ ಕೈ ಹಿಂದಕ್ಕೆಳೆದುಕೊಂಡರು. ಜುಲೈ ತಿಂಗಳ ಆ ಸಪಾಟು ಗೆರೆ ಕೋಮಲಳ ಕಣ್ಣ ಮುಂದೆ ಉದ್ದಕ್ಕೂ ಬಿಚ್ಚಿಕೊಂಡಿತು. ಅಪ್ಪನ ಬಾವಿಯ ನೀರನ್ನು ಈ ಲೋಕದ ಯಾವ ತಕ್ಕಡಿಯೂ ಇವತ್ತಿನವರೆಗೆ ತೂಗಿರಲಿಲ್ಲ, ಮನೆಗೆ ಹೋದಾಗಲೆಲ್ಲ ಅವಳು ಕುಡಿದದ್ದೂ ಅದೇ ಹಿತ್ತಾಳೆ ಬಿಂದಿಗೆಯ ನೀರು. ವಕೀಲರು ಆಗಲೇ ಮಗುಚಿದ್ದ ಹಾಳೆಯನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿ, ದುಂಡಗಿನ ಸಹಿಯ ಮೇಲೆ ಬೆರಳಿಟ್ಟು ತಲೆಯೆತ್ತಿದರು. ಕೋಮಲ ತಲೆ ತಗ್ಗಿಸಲಿಲ್ಲ, ಅವರನ್ನೇ ನೋಡಿದಳು. ಅವ್ವ ಮಾತ್ರ ಕೂರುವ ಮುನ್ನ ಮಗಳ ಕಡೆ ತಿರುಗಿ, ಇಡೀ ಸಭೆಗೆ ಕೇಳುವ ಹಾಗೆ, ಬಲು ಅಭಿಮಾನದಿಂದ ಹೇಳಿದಳು: “ನೀ ಹೇಳ್ದಂಗೇ ಬಾಟ್ಲಿ ಒಂದ್ ಹನಿ ನೀರ್ ಹಾಕೀನೂ ತೊಳೀಲಿಲ್ಲ ಕಣವ್ವ.”